ಮಕ್ಕಳ ಕೈಗೆ ಊರಿನ ಕಲ್ಲು ಕೊಡಿ

ಶಾಲೆಗಳ ವಿಜ್ಞಾನ ವಸ್ತುಪ್ರದರ್ಶನ ಎಲ್ಲೇ ನಡೆಯಲಿ, ಅಲ್ಲೊಂದು ಜ್ವಾಲಾಮುಖಿ ಇದ್ದೇ ಇರುತ್ತದೆ. ಜೇಡಿಮಣ್ಣಿನ ಗುಡ್ಡ, ತುದಿಯಲ್ಲಿ ಹೂತಿಟ್ಟ ಬಾಟಲಿ, ಒಳಗೆ ಅಡುಗೆ ಸೋಡಾ, ಮೇಲಿಂದ ಸುರಿಯಲು ಕೆಂಪು ಬಣ್ಣ ಬೆರೆಸಿದ ವಿನೆಗರ್. ನೊರೆ ಉಕ್ಕಿದಾಗ ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಒಳಗಿನ ಅನಿಲವೇ ದ್ರವವನ್ನು ಮೇಲಕ್ಕೆ ನೂಕುತ್ತದೆ ಎಂಬಷ್ಟರ ಮಟ್ಟಿಗೆ ಈ ಮಾದರಿ ನಿಜಕ್ಕೆ ಹತ್ತಿರವೂ ಹೌದು. ನನ್ನ ತಕರಾರು ಬೇರೆ. ವಿಜಯಪುರದ ಮಗು ಈ ಮಾದರಿ ಮಾಡಿ, ಇಟಲಿಯ ಅಥವಾ ಜಪಾನಿನ ಬೆಟ್ಟದ ಚಿತ್ರ ಅಂಟಿಸಿ, ಬಹುಮಾನ ಪಡೆದು ಮನೆಗೆ ಹೋಗುತ್ತದೆ. ತಾನು ನಡೆದು ಹೋಗುವ ದಾರಿಯ ಕೆಳಗಿರುವ ಕರಿಕಲ್ಲೇ ಲಾವಾ ಎಂಬುದನ್ನು ಯಾರೂ ಅದಕ್ಕೆ ಹೇಳಿರುವುದಿಲ್ಲ.

ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಜಿಲ್ಲೆಗಳ ಬಹುಭಾಗದ ಕೆಳಗಿರುವುದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದು ಹೆಪ್ಪುಗಟ್ಟಿದ ಬಸಾಲ್ಟ್. ಅದು ಶಂಕುವಿನಾಕಾರದ ಬೆಟ್ಟದ ತುದಿಯಿಂದ ಉಕ್ಕಿದ್ದಲ್ಲ. ನೆಲದಲ್ಲಿ ಬಿಟ್ಟ ಉದ್ದುದ್ದ ಬಿರುಕುಗಳಿಂದ ತೆಳುವಾಗಿ ಹೊರಬಂದು, ಹಾಸಿನ ಮೇಲೆ ಹಾಸಾಗಿ ಹರಡಿತು. ಇಂದಿಗೂ ಅದು ಪಶ್ಚಿಮ ಮತ್ತು ಮಧ್ಯ ಭಾರತದಲ್ಲಿ ಸುಮಾರು 5 ಲಕ್ಷ ಚದರ ಕಿಲೋಮೀಟರ್ ನೆಲವನ್ನು ಆವರಿಸಿದೆ. ಆ ಭಾಗದ ಎರೆಮಣ್ಣು ಹೆಚ್ಚಾಗಿ ಆ ಕಲ್ಲು ಕೊಳೆತು ಆದದ್ದು. ಇದನ್ನು ತೋರಿಸಲು ಸೋಡಾ ಬೇಕಿಲ್ಲ. ಎರಡು ತಟ್ಟೆಗಳನ್ನು ಓರೆಯಾಗಿಟ್ಟು, ಒಂದರ ಮೇಲೆ ಬೆಚ್ಚಗಿನ ಜೋನಿಬೆಲ್ಲ, ಇನ್ನೊಂದರ ಮೇಲೆ ತಣ್ಣಗಿನ ಜೋನಿಬೆಲ್ಲ ಸುರಿದು, ಯಾವುದು ಎಷ್ಟು ದೂರ, ಎಷ್ಟು ಹೊತ್ತಿನಲ್ಲಿ ಹರಿಯಿತು ಎಂದು ಮಕ್ಕಳೇ ಅಳೆದರೆ ಸಾಕು. ತೆಳುವಾದ ಲಾವಾ ಏಕೆ ಬಯಲಾಗುತ್ತದೆ, ಮಂದವಾದದ್ದು ಏಕೆ ಗುಡ್ಡವಾಗಿ ನಿಲ್ಲುತ್ತದೆ ಎಂಬುದು ಒಂದೇ ಪೀರಿಯಡ್ಡಿನಲ್ಲಿ ತಿಳಿಯುತ್ತದೆ.

ಭೂವಿಜ್ಞಾನವನ್ನು ನಾವು ತಲೆಕೆಳಗಾಗಿ ಕಲಿಸುತ್ತಿದ್ದೇವೆ. ಅಗ್ನಿಶಿಲೆ, ಪದರುಶಿಲೆ, ರೂಪಾಂತರ ಶಿಲೆ ಎಂಬ ಮೂರು ಹೆಸರುಗಳನ್ನು ಮೊದಲು ಬಾಯಿಪಾಠ ಮಾಡಿಸುತ್ತೇವೆ. ಕಲ್ಲು ಕೈಗೆ ಬರುವುದು ಆಮೇಲೆ, ಬಹಳ ಕಡೆ ಬರುವುದೇ ಇಲ್ಲ. ನಾನು ಬೇಡುವುದು ಇಷ್ಟೇ: ಮಗುವಿನ ಊರಿನ ಕಲ್ಲು ಮೊದಲು ಬರಲಿ, ಅದರ ಬಗ್ಗೆ ಪ್ರಶ್ನೆ ಏಳಲಿ, ಹೆಸರು ಕೊನೆಗೆ ಬರಲಿ.

ಜೂನ್ ತಿಂಗಳಲ್ಲಿ ಪ್ರತಿ ಮಗುವೂ ಮನೆಯ ಹತ್ತಿರದಿಂದ ಮುಷ್ಟಿಗಾತ್ರದ ಒಂದು ಕಲ್ಲು ತರಲಿ. ಎಲ್ಲಿ ಸಿಕ್ಕಿತು ಎಂದು ಚೀಟಿ ಅಂಟಿಸುವುದೊಂದೇ ನಿಯಮ: ಹೊಲದ ಬದು, ಹಳ್ಳದ ದಂಡೆ, ಬಾವಿ ತೋಡಿದ ಗುಡ್ಡೆ, ಹೀಗೆ. ರಸ್ತೆ ಕೆಲಸಕ್ಕೆ ತಂದು ಸುರಿದ ಜಲ್ಲಿಯನ್ನು ತಂದವರನ್ನು ಗದರಬೇಡಿ. ಆ ಕಲ್ಲು ಎಲ್ಲಿಂದ ಬಂತು, ಯಾವ ಕ್ರಷರ್‌ನಿಂದ ಬಂತು ಎಂದು ಹುಡುಕಿಕೊಂಡು ಹೋಗುವುದೂ ಪಾಠವೇ. ಕಲ್ಲುಗಳನ್ನೆಲ್ಲ ನೆಲದ ಮೇಲೆ ಹರವಿ, ತೊಳೆದು, ‘ಒಂದೇ ತರಹದವನ್ನು ಒಟ್ಟಿಗಿಡಿ’ ಎಂದಷ್ಟೇ ಹೇಳಿ ಮೇಷ್ಟ್ರು ಸುಮ್ಮನಿರಬೇಕು. ಸುಮ್ಮನಿರುವುದೇ ಇಲ್ಲಿ ಕಷ್ಟದ ಕೆಲಸ. ಮೊದಲ ಸಲ ಮಕ್ಕಳು ಬಣ್ಣ ನೋಡಿ ಗುಂಪು ಮಾಡುತ್ತಾರೆ. ತೊಳೆದ ನೀರು ಆರಿದೊಡನೆ ಬಣ್ಣ ಬದಲಾಗಿ ಗುಂಪು ಕೆಡುತ್ತದೆ. ಆಗ ಹೊಳಪು, ಕಾಳಿನ ಗಾತ್ರ, ಗೆರೆ, ತೂಕ ಒಂದೊಂದಾಗಿ ಕಣ್ಣಿಗೆ ಬೀಳತೊಡಗುತ್ತವೆ.

ಆಮೇಲೆ ಪರೀಕ್ಷೆ. ಜರ್ಮನಿಯ ಖನಿಜಶಾಸ್ತ್ರಜ್ಞ ಫ್ರೆಡ್ರಿಕ್ ಮೋಸ್ 1812ರಲ್ಲಿ ಕೊಟ್ಟ ಗಡಸುತನದ ಅಳತೆಗೆ ಪ್ರಯೋಗಾಲಯ ಬೇಕಾಗಿಲ್ಲ. ಉಗುರಿನ ಗಡಸುತನ ಎರಡೂವರೆಯ ಆಸುಪಾಸು, ಕಬ್ಬಿಣದ ಮೊಳೆಯದು ಐದರ ಆಸುಪಾಸು, ಬೆಣಚುಕಲ್ಲಿನದು ಏಳು. ಬಳಪದ ಕಲ್ಲನ್ನು ಉಗುರಿನಲ್ಲೇ ಗೀಚಬಹುದು. ಬೆಣಚುಕಲ್ಲಿನ ಮೇಲೆ ಮೊಳೆ ಎಷ್ಟು ಎಳೆದರೂ ಗೀರು ಬೀಳುವುದಿಲ್ಲ, ಮೊಳೆಯ ಕಬ್ಬಿಣವೇ ಕಲ್ಲಿಗೆ ಮೆತ್ತಿಕೊಳ್ಳುತ್ತದೆ. ಸಂಡೂರಿನ ಕಬ್ಬಿಣದ ಅದಿರನ್ನು ಹೊಳಪಿಲ್ಲದ ಟೈಲ್ಸ್ ಹಿಂಬದಿಗೆ ಉಜ್ಜಿದರೆ ಕೆಂಪು ಗೆರೆ ಮೂಡುತ್ತದೆ, ಕುದುರೆಮುಖದ ಕಾಂತಶಿಲೆಯನ್ನು ಉಜ್ಜಿದರೆ ಕಪ್ಪು ಗೆರೆ. ಮಳೆ ನಿಂತ ಮೇಲೆ ಹಳ್ಳದ ಮರಳಿನಲ್ಲಿ ಕಾಣುವ ಕರಿ ಪುಡಿಗೆ ಹಳೆಯ ಸ್ಪೀಕರಿನ ಆಯಸ್ಕಾಂತ ಹಿಡಿದರೆ ಮಕ್ಕಳು ಗಂಟೆಗಟ್ಟಲೆ ಅಲ್ಲಿಂದ ಏಳುವುದಿಲ್ಲ.

ನಿಂಬೆಹಣ್ಣಿನ ಪರೀಕ್ಷೆಯಂತೂ ನೇರವಾಗಿ ಅಡುಗೆಮನೆಗೆ ಹೋಗುತ್ತದೆ. ಕಡಪ ಕಲ್ಲಿನ ಕಟ್ಟೆಯ ಮೇಲೆ ಹುಣಸೆಹುಳಿ ಚೆಲ್ಲಿದರೆ ಬಿಳಿ ಕಲೆ ಉಳಿಯುತ್ತದೆ, ಗ್ರಾನೈಟ್ ಕಟ್ಟೆಗೆ ಏನೂ ಆಗುವುದಿಲ್ಲ ಎಂಬುದು ಅಮ್ಮಂದಿರಿಗೆ ಗೊತ್ತಿರುವ ವಿಷಯ. ಕಡಪ ಕಲ್ಲೂ ನಮ್ಮ ಕಲಬುರಗಿ ಸೀಮೆಯ ಶಹಾಬಾದ್ ಕಲ್ಲೂ ಸುಣ್ಣದ ಕಲ್ಲುಗಳು. ಹುಳಿ ಅವನ್ನು ಕರಗಿಸುತ್ತದೆ. ಒಡೆದ ಚೂರನ್ನು ಮೊಳೆಯಿಂದ ಕೆರೆದು, ಆ ಪುಡಿಯ ಮೇಲೆ ನಿಂಬೆರಸ ಹಾಕಿ ಹತ್ತಿರದಿಂದ ನೋಡಿದರೆ ಸಣ್ಣ ಗುಳ್ಳೆಗಳು ಏಳುವುದು ಕಾಣುತ್ತದೆ. ಸುಣ್ಣದ ಕಲ್ಲು ಬಹುಮಟ್ಟಿಗೆ ಹುಟ್ಟುವುದು ನೀರಿನಡಿಯಲ್ಲಿ. ಹಾಗಾದರೆ ಶಹಾಬಾದಿನಲ್ಲಿ ನೀರು ಎಲ್ಲಿತ್ತು? ಪದರುಶಿಲೆ ಎಂಬ ಮಾತನ್ನು ಹಲಗೆಯ ಮೇಲೆ ಬರೆಯಬೇಕಾದದ್ದು ಈ ಪ್ರಶ್ನೆ ಕೇಳಿದ ಮೇಲೆ.

ಡಿಸೆಂಬರ್ ಬಂತೆಂದರೆ ಶಾಲಾ ಪ್ರವಾಸ. ಬಸ್ಸುಗಳು ಹಂಪಿ, ಬಾದಾಮಿ, ವಿಜಯಪುರ, ಬೇಲೂರು, ಹಳೇಬೀಡು, ಶ್ರವಣಬೆಳಗೊಳಗಳಿಗೆ ಹೇಗೂ ಹೋಗುತ್ತವೆ. ಅಲ್ಲಿ ರಾಜರ ಹೆಸರು, ಇಸವಿ ಬರೆದುಕೊಳ್ಳುವ ಮಕ್ಕಳು ಕಲ್ಲಿನ ಹೆಸರನ್ನೂ ಬರೆದುಕೊಂಡರೆ ಏನಾಗುತ್ತದೆ ನೋಡಿ. 1656ರ ಗೋಲಗುಮ್ಮಟ ಕಪ್ಪು ಬಸಾಲ್ಟಿನದು. ಚಾಲುಕ್ಯರ ಬಾದಾಮಿ ಗುಹೆಗಳನ್ನು ಕೊರೆದದ್ದು ಕೆಂಪು ಮರಳುಗಲ್ಲಿನಲ್ಲಿ. ಅಲ್ಲಿನ ಮೂರನೆಯ ಗುಹೆಯ ಶಾಸನದ ಕಾಲ 578. ಹಂಪಿ ಗ್ರಾನೈಟ್. ಶ್ರವಣಬೆಳಗೊಳದ 57 ಅಡಿಯ ಗೊಮ್ಮಟನೂ ಗ್ರಾನೈಟ್. ಬೇಲೂರು, ಹಳೇಬೀಡು ಬಳಪದ ಕಲ್ಲು. ಕರಾವಳಿಗಿಳಿದರೆ ಕುಮಟಾ ಬಳಿಯ ಮಿರ್ಜಾನ್ ಕೋಟೆ ಕೆಂಪು ಮುರಕಲ್ಲಿನದು. ಉತ್ತರ ತುದಿಯ ಬೀದರಿನಲ್ಲಿಯೂ ಕೋಟೆ ನಿಂತಿರುವುದು ಮುರಕಲ್ಲಿನ ಮೇಲೆಯೇ. ರಾಜ್ಯದ ಖಾಲಿ ನಕ್ಷೆಯ ಮೇಲೆ ಒಂದೊಂದು ಕಲ್ಲಿಗೂ ಒಂದೊಂದು ಬಣ್ಣ ಕೊಟ್ಟು ಈ ಊರುಗಳಲ್ಲಿ ಚುಕ್ಕಿ ಇಡಿಸಿ. ಆಮೇಲೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯದ ನಕ್ಷೆಯನ್ನು ಪಕ್ಕದಲ್ಲಿಡಿ. ‘ಭೂಕೋಶ್’ ಜಾಲತಾಣದಲ್ಲಿ ಅದು ಎಲ್ಲರಿಗೂ ಸಿಗುತ್ತದೆ. ಮಕ್ಕಳ ಚುಕ್ಕಿಗಳ ಬಣ್ಣ ತಜ್ಞರ ನಕ್ಷೆಯೊಂದಿಗೆ ಹೆಚ್ಚೂಕಡಿಮೆ ಹೊಂದಿಕೊಳ್ಳುತ್ತದೆ. ಕಟ್ಟುವವರು ಹತ್ತಿರ ಸಿಕ್ಕ ಕಲ್ಲಿನಲ್ಲೇ ಕಟ್ಟಿದರು. ಹೀಗಾಗಿ ಇತಿಹಾಸದ ನಕ್ಷೆಯೊಳಗೇ ಭೂವಿಜ್ಞಾನದ ನಕ್ಷೆ ಅಡಗಿ ಕುಳಿತಿದೆ.

ಇಲ್ಲಿಂದ ಒಳ್ಳೆಯ ಪ್ರಶ್ನೆಯೊಂದು ತಾನಾಗಿ ಏಳುತ್ತದೆ. ಹಳೇಬೀಡಿನ ಶಿಲ್ಪದಲ್ಲಿ ಸರದ ಮಣಿಗಳನ್ನೂ ಎಣಿಸಬಹುದು, ಹಂಪಿಯ ಕಂಬಗಳಲ್ಲಿ ಅಷ್ಟು ನಾಜೂಕು ಯಾಕಿಲ್ಲ? ಹೊಯ್ಸಳ ಶಿಲ್ಪಿಯ ಕೈ ಮಾತ್ರ ಕುಶಲವಾಗಿತ್ತು ಎಂದುಬಿಟ್ಟರೆ ಅದು ಅರ್ಧ ಉತ್ತರ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದು, ಉಳಿಗೆ ಒಗ್ಗುತ್ತದೆ. ಗಾಳಿಬಿಸಿಲಿಗೆ ಬಂದ ಮೇಲೆ ಗಟ್ಟಿಯಾಗುತ್ತದೆ. ಗ್ರಾನೈಟಿನಲ್ಲಿ ಬೆಣಚಿನ ಗಟ್ಟಿ ಕಾಳುಗಳು ಉಳಿಗೆ ಅಡ್ಡ ಬರುತ್ತವೆ. ಹಂಪಿಯ ಬಂಡೆಗಳ ಮೇಲೆ ಸಾಲಾಗಿ ಕೊರೆದ ಚೌಕ ಗುಳಿಗಳನ್ನು ಮಕ್ಕಳಿಗೆ ತೋರಿಸಿ. ಬೆಣೆ ಹೊಡೆದು ಬಂಡೆ ಸೀಳುತ್ತಿದ್ದ ಗುರುತುಗಳವು. ಗಡಸುತನದ ಪರೀಕ್ಷೆ ಮಾಡಿ ಬಂದ ಮಕ್ಕಳಿಗೆ ಇದೆಲ್ಲ ಕಣ್ಣಿಗೆ ಕಟ್ಟುತ್ತದೆ. ಒಂದು ಎಚ್ಚರಿಕೆ ಮಾತ್ರ ಬೇಕು: ಮೊಳೆ, ನಿಂಬೆಹಣ್ಣು ಶಾಲೆಯಲ್ಲೇ ಉಳಿಯಲಿ. ಗುಡಿಗೋಪುರಗಳ ಮೇಲೆ ಒಂದು ಗೀರೂ ಬೀಳಬಾರದು. ಅಲ್ಲಿ ಕಣ್ಣೊಂದೇ ಉಪಕರಣ.

ಕಲ್ಲಿನ ವಯಸ್ಸನ್ನು ಮಕ್ಕಳಿಗೆ ಮುಟ್ಟಿಸುವುದು ಇದಕ್ಕಿಂತ ಕಷ್ಟ. ಮುನ್ನೂರು ಕೋಟಿ ವರ್ಷ ಎಂದು ಹೇಳಿದರೆ ದೊಡ್ಡವರಿಗೂ ಅದು ಬರೀ ಸದ್ದು. ಅದಕ್ಕೊಂದು ಹಗ್ಗ ಸಾಕು. 46 ಮೀಟರ್ ಹಗ್ಗವನ್ನು ಆಟದ ಮೈದಾನದಲ್ಲಿ ನೇರವಾಗಿ ಹಾಸಿ. ಭೂಮಿಯ ವಯಸ್ಸು ಸುಮಾರು 460 ಕೋಟಿ ವರ್ಷ, ಆದ್ದರಿಂದ ಒಂದು ಮೀಟರಿಗೆ ಹತ್ತು ಕೋಟಿ ವರ್ಷ, ಒಂದು ಮಿಲಿಮೀಟರಿಗೆ ಒಂದು ಲಕ್ಷ. ಈ ತುದಿ ಇಂದು. ಇಲ್ಲಿಂದ ಹಿಂದಕ್ಕೆ ನಡೆಯುತ್ತ ಮಕ್ಕಳು ಒಬ್ಬೊಬ್ಬರಾಗಿ ನಿಲ್ಲಲಿ. ಮನುಷ್ಯ ಜಾತಿಯ ಕಾಲ ಮೂರು ಮಿಲಿಮೀಟರ್. ಡೈನೊಸಾರ್‌ಗಳು ಅಳಿದ ಕಾಲವೂ ವಿಜಯಪುರದ ಲಾವಾ ಹರಿದ ಕಾಲವೂ 66 ಸೆಂಟಿಮೀಟರ್ ಹಿಂದೆ. ಮಲ್ಪೆಯ ಸೇಂಟ್ ಮೇರಿ ದ್ವೀಪದ ಕಲ್ಲುಕಂಬಗಳು 88 ಸೆಂಟಿಮೀಟರಿನ ಬಳಿ. ಆಮೇಲೆ ಬಹಳ ದೂರ ನಡೆಯಬೇಕು. ರಾಮನಗರ, ಸಾವನದುರ್ಗದ ಗ್ರಾನೈಟ್ ಬೆಟ್ಟಗಳ ಗುರುತು 25 ಮೀಟರಿನಲ್ಲಿ, ಕೋಲಾರದ ಚಿನ್ನ ಹೊತ್ತ ಶಿಲೆಗಳದು 27ರ ಸುತ್ತ, ಬೆಂಗಳೂರಿನ ಲಾಲ್‌ಬಾಗ್ ಬಂಡೆಯದು 30ರಲ್ಲಿ, ಹಾಸನ ಜಿಲ್ಲೆಯ ಗೊರೂರಿನ ‘ನೈಸ್’ ಎಂಬ ರೂಪಾಂತರ ಶಿಲೆಗಳದು 33ರ ಹತ್ತಿರ. ಬೇಲೂರಿನ ದೇವಾಲಯ ಕಟ್ಟಿ 900 ವರ್ಷ ಕಳೆದಿದೆ. ಹಗ್ಗದ ಮೇಲೆ ಅದಕ್ಕೆ ಕೂದಲೆಳೆಯಷ್ಟೂ ಜಾಗ ಸಿಗುವುದಿಲ್ಲ.

ಈ ಹಗ್ಗದ ಮೇಲೆ ಕರ್ನಾಟಕದ ಮಕ್ಕಳು ನಿಲ್ಲುವ ಜಾಗವೇ ಬೇರೆ. ಹಿಮಾಲಯ ಮೇಲೇಳಲು ಕಾರಣವಾದ ಭೂಖಂಡಗಳ ಡಿಕ್ಕಿ 50 ಸೆಂಟಿಮೀಟರಿನ ಆಸುಪಾಸಿನದು. ಹಿಮಾಲಯದ ಬುಡದಲ್ಲಿರುವ ಶಾಲೆಯವರು ಆ ಗುರುತಿಗೆ ನಾಲ್ಕು ಹೆಜ್ಜೆಯೂ ಹಾಕಬೇಕಿಲ್ಲ. ನಮ್ಮವರು ಮೈದಾನದ ಆಚೆ ಬದಿಗೆ ಓಡಬೇಕು. ದಕ್ಷಿಣ ಕರ್ನಾಟಕದ ಬಹುಭಾಗದ ತಳಪಾಯವಾದ ಆ ಶಿಲೆಗೆ ‘ಪೆನಿನ್ಸುಲರ್ ನೈಸ್’ ಎಂದು 1916ರಲ್ಲಿ ಹೆಸರಿಟ್ಟವರು ಮೈಸೂರು ಭೂವಿಜ್ಞಾನ ಇಲಾಖೆಯ ಡಬ್ಲ್ಯು.ಎಫ್. ಸ್ಮೀತ್. ಲಾಲ್‌ಬಾಗಿನಲ್ಲಿ ಕೆಂಪೇಗೌಡರ ಗೋಪುರ ನಿಂತಿರುವ ಬಂಡೆ ಅದರದೇ ತುಂಡು. ಅಲ್ಲಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕದ ಫಲಕವೂ ಇದೆ. ಭಾನುವಾರ ಆ ಬಂಡೆಯ ಮೇಲೆ ಕೂತು ಕಡಲೆಕಾಯಿ ತಿನ್ನುವ ಮಕ್ಕಳಿಗೆ ಯಾರಾದರೂ ಆ ಫಲಕವನ್ನು ಓದಿ ಹೇಳಬೇಕು.

ರಾಜ್ಯದಲ್ಲಿ ಇಂಥ ಸ್ಮಾರಕಗಳು ನಾಲ್ಕಿವೆ. ಅವುಗಳಲ್ಲಿ ಎರಡನ್ನು ತರಗತಿಯೊಳಗೇ ಅರ್ಥ ಮಾಡಿಸಬಹುದು. ಸೇಂಟ್ ಮೇರಿ ದ್ವೀಪದ ಕಂಬಗಳು ಐದು, ಆರು, ಏಳು ಮುಖಗಳಾಗಿ, ಯಾರೋ ಕೆತ್ತಿ ನಿಲ್ಲಿಸಿದವೆನ್ನುವ ಹಾಗೆ ಇವೆ. ಭಾರತವೂ ಮಡಗಾಸ್ಕರೂ ಬೇರೆಯಾಗುತ್ತಿದ್ದ ಕಾಲದ ಲಾವಾ ಅದು. ತಣಿಯುತ್ತ ಕುಗ್ಗಿದಾಗ ಮೇಲಿನಿಂದ ಬಿರುಕು ಬಿಟ್ಟು, ಆ ಬಿರುಕು ಒಳಗಿಳಿಯುತ್ತ ಹೋಗಿ ಕಂಬವಾಯಿತು. 1998ರಲ್ಲಿ ಜರ್ಮನಿಯ ಗೆರ್ಹಾರ್ಡ್ ಮುಲ್ಲರ್ ಇದನ್ನು ಪಿಷ್ಟದಲ್ಲಿ ಮಾಡಿ ತೋರಿಸಿದರು. ನಮ್ಮ ಮಕ್ಕಳೂ ಮಾಡಬಹುದು. ಕಾರ್ನ್‌ಫ್ಲೋರ್ ಮತ್ತು ನೀರನ್ನು ಸಮತೂಕದಲ್ಲಿ ಕಲಸಿ, ಬಟ್ಟಲಿನಲ್ಲಿ ದಪ್ಪಗೆ ಸುರಿದು, ಉರಿಯುವ ಬಲ್ಬಿನ ಕೆಳಗೆ ಒಂದು ವಾರದ ಮಟ್ಟಿಗೆ ಬಿಡಬೇಕು. ಮೊದಲು ಮೇಲೆ ದೊಡ್ಡ ಬಿರುಕುಗಳು ಕಾಣುತ್ತವೆ, ಅಲ್ಲಿಗೇ ನಿಲ್ಲಿಸಬಾರದು. ಪೂರ್ತಿ ಒಣಗಿದ ಮೇಲೆ ಗಟ್ಟಿಯನ್ನು ಮುರಿದರೆ ಒಳಗೆ ಕಡ್ಡಿಗಳಂಥ ಸಣ್ಣ ಕಂಬಗಳ ಸಾಲು ಇರುತ್ತದೆ. ಪಿಷ್ಟ ಒಣಗಿ ಕುಗ್ಗುತ್ತದೆ, ಲಾವಾ ತಣಿದು ಕುಗ್ಗುತ್ತದೆ. ಕಾರಣ ಬೇರೆ, ಫಲ ಒಂದೇ. ಈ ವ್ಯತ್ಯಾಸವನ್ನು ಮಕ್ಕಳೇ ಹೇಳುವವರೆಗೂ ಕಾಯುವುದು ಒಳ್ಳೆಯದು.

ಎರಡನೆಯದು ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿ. ಅಲ್ಲಿನ ಬಂಡೆಗಳು ದಿಂಬುಗಳನ್ನು ಒತ್ತೊತ್ತಾಗಿ ಪೇರಿಸಿದಂತೆ ಕಾಣುತ್ತವೆ. ಲಾವಾ ನೀರಿನೊಳಗೆ ಹರಿದರೆ ಹೊರಮೈ ತಟ್ಟನೆ ಗಟ್ಟಿಯಾಗಿ, ಒಳಗಿನ ದ್ರವ ಉಬ್ಬಿ, ಹೀಗೆ ಉಂಡೆಯುಂಡೆಯಾಗುತ್ತದೆ. ಇಂದಿಗೂ ಸಮುದ್ರದ ತಳದಲ್ಲಿ ಇದು ನಡೆಯುತ್ತಿದೆ. ಮಳೆಗಾಗಿ ಮುಗಿಲು ನೋಡುವ, ಬರಕ್ಕೆ ಹೆಸರಾದ ಆ ಜಿಲ್ಲೆಯಲ್ಲಿ ಸುಮಾರು 250 ಕೋಟಿ ವರ್ಷಗಳ ಹಿಂದೆ ಲಾವಾ ನೀರಿಗೆ ಇಳಿದಿತ್ತು ಎಂದು ಕಲ್ಲೇ ಹೇಳುತ್ತಿದೆ. ಇಷ್ಟು ದೊಡ್ಡ ಸಂಗತಿಯನ್ನು ಚಿತ್ರದುರ್ಗದ ಪ್ರತಿ ಮಗುವೂ ತನ್ನ ಊರಿನ ಹೆಮ್ಮೆಯಾಗಿ ಹೇಳುವ ದಿನ ಬರಬೇಕು ಎಂದು ನನಗೆ ಬಹಳ ಆಸೆ.

ಮಲೆನಾಡು, ಕೊಡಗು, ಕರಾವಳಿಯ ಶಾಲೆಗಳಿಗೆ ಬೇರೆ ಪ್ರಯೋಗ ತುರ್ತಾಗಿ ಬೇಕು. 2018ರ ಆಗಸ್ಟಿನಲ್ಲಿ ಕೊಡಗು, 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರು ಎಂಥ ಗುಡ್ಡಕುಸಿತ ಕಂಡವು ಎಂಬುದು ಆ ಮಕ್ಕಳಿಗೆ ಗೊತ್ತಿದೆ. ಅಗಲವಾದ ಟ್ರೇಯಲ್ಲಿ ಒತ್ತಿ ಕಟ್ಟಿದ ಮಣ್ಣಿನ ಎರಡು ಇಳಿಜಾರು ಮಾಡಿ, ಒಂದರ ಬುಡವನ್ನು ರಸ್ತೆಗೆ ಕಡಿದಂತೆ ನೇರವಾಗಿ ಕಡಿದು, ಎರಡಕ್ಕೂ ಅಷ್ಟಷ್ಟೇ ನೀರು ಚಿಮುಕಿಸುತ್ತ ಹೋಗಲಿ. ಯಾವುದು ಮೊದಲು ಜಾರಿತು, ಜಾರುವ ಮೊದಲು ಬಿರುಕು ಎಲ್ಲಿ ಕಂಡಿತು ಎಂದು ಬರೆದಿಡಲಿ. ಗುಡ್ಡದ ನೆತ್ತಿಯಲ್ಲಿ ಹೊಸ ಬಿರುಕು ಕಂಡರೆ ದೊಡ್ಡವರಿಗೆ ಹೇಳಬೇಕೆಂಬ ತಿಳಿವಳಿಕೆ ಮಕ್ಕಳಿಗೆ ಬಂದರೆ ಈ ಪ್ರಯೋಗ ಸಾರ್ಥಕ.

ಬಯಲುಸೀಮೆಯಲ್ಲಿ ಇದಕ್ಕೆ ಸಮನಾದ ಪಾಠ ಬೋರ್‌ವೆಲ್. ನನ್ನ ಮಟ್ಟಿಗೆ ನಮ್ಮ ಶಾಲೆಗಳು ಕೈಗೆತ್ತಿಕೊಳ್ಳಬಹುದಾದ ಅತ್ಯುತ್ತಮ ಭೂವಿಜ್ಞಾನದ ಚಟುವಟಿಕೆ ಇದೇ. ಗಟ್ಟಿ ಶಿಲೆಯ ನಾಡಿನಲ್ಲಿ ನೆಲದ ಕೆಳಗೆ ಕೆರೆಯಾಗಲಿ ಹೊಳೆಯಾಗಲಿ ಇಲ್ಲ. ಮೇಲೆ ಮಣ್ಣು, ಅದರ ಕೆಳಗೆ ಕೊಳೆತ ಕಲ್ಲಿನ ಗರಸು, ಅದರ ಕೆಳಗೆ ಬಂಡೆ. ನೀರಿರುವುದು ಗರಸಿನ ಸಂದಿಗಳಲ್ಲಿ, ಬಂಡೆಯ ಬಿರುಕುಗಳಲ್ಲಿ. ಎರಡು ಗಾಜಿನ ಲೋಟ ತೆಗೆದುಕೊಂಡು ಒಂದಕ್ಕೆ ಮರಳು ತುಂಬಿ, ಇನ್ನೊಂದಕ್ಕೆ ಹೆಂಚಿನ ಚೂರುಗಳನ್ನು ಸಂದಿಯಿಲ್ಲದಂತೆ ಜೋಡಿಸಿ, ಯಾವುದು ಎಷ್ಟು ನೀರು ಹಿಡಿಯಿತೆಂದು ಅಳೆದರೆ ವಿಷಯದ ಬೇರು ಸಿಕ್ಕಿಬಿಡುತ್ತದೆ.

ಆಮೇಲೆ ಮನೆಗೆಲಸ. ಅಪ್ಪನನ್ನೋ ಅಜ್ಜನನ್ನೋ ಪಕ್ಕದ ಹೊಲದವರನ್ನೋ ಕೇಳಿಕೊಂಡು ಬರಬೇಕು: ಬೋರು ಯಾವ ವರ್ಷ ಕೊರೆಸಿದ್ದು, ಕೇಸಿಂಗ್ ಎಷ್ಟು ಅಡಿ ಇಳೀತು, ಗ್ಯಾಪ್ ಎಷ್ಟು ಅಡಿಯಲ್ಲಿ ಸಿಕ್ತು, ಒಟ್ಟು ಎಷ್ಟು ಅಡಿ ಹೋಯ್ತು, ಈಗ ನೀರಿದೆಯಾ. ರೈತರು ಈ ಲೆಕ್ಕವನ್ನು ಮರೆಯುವುದಿಲ್ಲ, ಅಡಿಗೆ ಇಷ್ಟು ಎಂದು ದುಡ್ಡು ಎಣಿಸಿ ಕೊಟ್ಟವರು ಅವರು. ಮಕ್ಕಳಿಗೆ ಹೇಳಬೇಕಾದ ಗುಟ್ಟೆಂದರೆ, ಕುಸಿಯುವ ಮಣ್ಣು, ಗರಸು ದಾಟಿ ಗಟ್ಟಿ ಬಂಡೆ ಸಿಗುವವರೆಗೂ ಕೇಸಿಂಗ್ ಪೈಪು ಇಳಿಸುತ್ತಾರೆ. ಹಾಗಾಗಿ ಕೇಸಿಂಗಿನ ಉದ್ದ ಗೊತ್ತಾದರೆ ಆ ಜಾಗದಲ್ಲಿ ಕಲ್ಲು ಎಷ್ಟು ಆಳದವರೆಗೆ ಕೊಳೆತಿದೆ ಎಂಬುದೂ ಗೊತ್ತಾದಂತೆ. ಗ್ಯಾಪ್ ಎಂದು ರಿಗ್ಗಿನವರು ಕರೆಯುವುದು ಬಂಡೆಯ ಬಿರುಕನ್ನು. ಇಡೀ ಊರಿನ ಉತ್ತರಗಳನ್ನು ಗೋಡೆಯ ಮೇಲಿನ ಒಂದು ದೊಡ್ಡ ಹಾಳೆಯಲ್ಲಿ, ಅಡ್ಡಕ್ಕೆ ವರ್ಷ, ಕೆಳಮುಖವಾಗಿ ಆಳ ಹಾಕಿ ಗುರುತಿಸಿದರೆ ಊರಿನ ನೆಲದ ಒಳಭಾಗ ಹಾಳೆಯ ಮೇಲೆ ಮೂಡುತ್ತದೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಸಾವಿರ ಅಡಿ ದಾಟಿದ ಗೆರೆಗಳೂ ಬರುತ್ತವೆ. ಆಳಕ್ಕೆ ಹೋದಂತೆ ಬಿರುಕುಗಳು ವಿರಳವಾಗುತ್ತವೆ ಎಂಬುದನ್ನು ಅಷ್ಟು ಹೊತ್ತಿಗೆ ಮಕ್ಕಳೇ ಕಂಡುಕೊಂಡಿರುತ್ತಾರೆ.

ಊರಿನಲ್ಲಿ ಹೊಸದಾಗಿ ರಿಗ್ ಲಾರಿ ಬಂದರೆ ಅದಕ್ಕಿಂತ ಒಳ್ಳೆಯ ಅವಕಾಶವಿಲ್ಲ. ಪ್ರತಿ ರಾಡು ಇಳಿದಾಗಲೂ ಹೊರಬರುವ ಪುಡಿಯಿಂದ ಒಂದು ಹಿಡಿ ತೆಗೆದಿಡಲು ಹೊಲದವರನ್ನು ಕೇಳಿಕೊಳ್ಳಬೇಕು. ಮಕ್ಕಳು ಹತ್ತಿರ ಹೋಗಬಾರದು, ಆ ಕಲ್ಲಿನ ದೂಳು ಎದೆಗೆ ಕೆಟ್ಟದ್ದು. ಖಾಲಿ ನೀರಿನ ಬಾಟಲಿಯಲ್ಲಿ ಆ ಪುಡಿಗಳನ್ನು ಕೊನೆಗೆ ಬಂದದ್ದು ತಳದಲ್ಲಿ, ಮೊದಲು ಬಂದದ್ದು ಮೇಲೆ ಇರುವಂತೆ ತುಂಬಿದರೆ ಕೆಂಪು ಮಣ್ಣು, ಹಳದಿ ಗರಸು, ಬೂದು ಬಂಡೆ ಒಂದರ ಮೇಲೊಂದು ಕಾಣುತ್ತವೆ. ಪಠ್ಯಪುಸ್ತಕದ ಯಾವ ಚಿತ್ರವೂ ಇದಕ್ಕೆ ಸಾಟಿಯಲ್ಲ.

ಇಲ್ಲಿ ಮೇಷ್ಟ್ರಿಗೂ ಟೀಚರಿಗೂ ಒಂದು ಮಾತು. ಬೋರು ಫೇಲಾದ ಮನೆಯಲ್ಲಿ ಸಾಲ ಉಳಿದಿರುತ್ತದೆ. ಹಾಳೆಯ ಮೇಲೆ ಯಾರ ಹೆಸರನ್ನೂ ಬರೆಸಬೇಡಿ, ಹೊಲದ ದಿಕ್ಕು ಸಾಕು. ಯಾವ ಮಗುವಾದರೂ ಉತ್ತರ ತರದಿದ್ದರೆ ಮತ್ತೆ ಕೇಳಬೇಡಿ.

ನೀರು ಬಂದ ಬೋರುಗಳ ಕತೆ ಫ್ಲೋರೈಡಿನೊಂದಿಗೆ ಮುಂದುವರಿಯುತ್ತದೆ. ಗ್ರಾನೈಟಿನ ಕೆಲವು ಖನಿಜಗಳಲ್ಲಿ ಫ್ಲೋರಿನ್ ಇರುತ್ತದೆ. ನೀರು ಬಿರುಕುಗಳಲ್ಲಿ ಬಹುಕಾಲ ನಿಂತಷ್ಟೂ ಅದು ಕರಗಿ ಸೇರುತ್ತದೆ. ಪಾವಗಡದಂಥ ಕಡೆ ಕಲೆಬಿದ್ದ ಹಲ್ಲುಗಳಿಗೂ ಬೆಟ್ಟದ ಕಲ್ಲಿಗೂ ಇರುವ ನಂಟು ಇದು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ನೀರೇ ಇಲ್ಲವೆಂದಾದರೆ 1.5ರವರೆಗೆ ಎನ್ನುತ್ತದೆ ಭಾರತೀಯ ಮಾನಕ. ಜಲ ಜೀವನ್ ಮಿಷನ್ ಅಡಿ ಹಳ್ಳಿಗಳಿಗೆ ಕೊಟ್ಟಿರುವ ನೀರು ಪರೀಕ್ಷೆಯ ಕಿಟ್ ಪಂಚಾಯಿತಿಯಲ್ಲಿ ಸಿಗುತ್ತದೆ. ಅದನ್ನು ಬಳಸಲು ತರಬೇತಾದ ಮಹಿಳೆಯರನ್ನು ಶಾಲೆಗೆ ಕರೆಸಿ, ಊರಿನ ನಾಲ್ಕಾರು ಬೋರುಗಳ ನೀರನ್ನು ಮಕ್ಕಳ ಎದುರೇ ಪರೀಕ್ಷಿಸಿ, ಬಂದ ಅಂಕಿಯನ್ನು ಅದೇ ಹಾಳೆಯಲ್ಲಿ ಆಯಾ ಬೋರಿನ ಗೆರೆಯ ಪಕ್ಕ ಬರೆಸಬಹುದು.

ಇದಕ್ಕೆಲ್ಲ ಭೂವಿಜ್ಞಾನದ ಪದವಿ ಬೇಕೇ ಎಂದು ಶಿಕ್ಷಕರು ಕೇಳುವುದು ಸಹಜ. ಪಿಯುಸಿಯಲ್ಲಿ ಭೂವಿಜ್ಞಾನ ಕಲಿಸುವ ಕಾಲೇಜುಗಳೇ ಕಡಿಮೆ, ಶಿಕ್ಷಕರಿಗೆ ಆ ತರಬೇತಿ ಎಲ್ಲಿಂದ ಬರಬೇಕು? ಆದರೆ ಕನ್ನಡದಲ್ಲಿ ಓದಲು ಸಾಮಗ್ರಿ ಇದೆ. ಭೂವೈಜ್ಞಾನಿಕ ಸರ್ವೇಕ್ಷಣಾಲಯದಲ್ಲಿ ದುಡಿದ ಟಿ.ಆರ್. ಅನಂತರಾಮು ಅವರು ಭೂಮಿಯ ಬಗ್ಗೆ ತಿಳಿಗನ್ನಡದಲ್ಲಿ ಬಹಳಷ್ಟು ಬರೆದಿದ್ದಾರೆ. ಊರಿನ ಕಲ್ಲುಕುಟಿಗರು, ಬಾವಿ ತೋಡುವವರು, ರಿಗ್ಗಿನ ಡ್ರಿಲ್ಲರ್‌ಗಳು ತರಗತಿಗೆ ಬಂದು ಅರ್ಧ ಗಂಟೆ ಮಾತಾಡಿದರೆ ಉಳಿದದ್ದು ತುಂಬುತ್ತದೆ. ಯಾವ ಬಂಡೆ ಯಾವ ಕಡೆಗೆ ಸೀಳುತ್ತದೆ ಎಂಬುದನ್ನು ಕಲ್ಲುಕುಟಿಗನಷ್ಟು ಚೆನ್ನಾಗಿ ಬಲ್ಲವರು ಕಡಿಮೆ. ಅವರನ್ನು ಅತಿಥಿ ಉಪನ್ಯಾಸಕರೆಂದೇ ಕೂರಿಸಿ ಗೌರವಿಸಬೇಕು.

ಬೋರುಗಳ ಹಾಳೆಯನ್ನು ವರ್ಷದ ಕೊನೆಗೆ ಕಿತ್ತು ಬಿಸಾಡಬಾರದು. ಮುಂದಿನ ವರ್ಷದ ತರಗತಿ ಅದರ ಮೇಲೆಯೇ ಹೊಸ ಬೋರುಗಳನ್ನು ಗುರುತಿಸಲಿ, ಬತ್ತಿದವಕ್ಕೆ ಬೇರೆ ಬಣ್ಣ ಹಾಕಲಿ. ಮಕ್ಕಳ ಗ್ರಾಮಸಭೆ ನಡೆಯುವ ದಿನ ಅದನ್ನು ಸುರುಳಿ ಸುತ್ತಿಕೊಂಡು ಹೋಗಿ ಪಂಚಾಯಿತಿ ಕಟ್ಟೆಯ ಮೇಲೆ ಹರವಲಿ. ಯಾವ ಕೆರೆಯ ಹೂಳು ಮೊದಲು ಎತ್ತಬೇಕು, ಯಾವ ಬೋರಿನ ನೀರು ಕುಡಿಯಲು ಆಗುವುದಿಲ್ಲ ಎಂದು ಅಧ್ಯಕ್ಷರನ್ನೂ ಪಿಡಿಒ ಅವರನ್ನೂ ಕೇಳುವಾಗ ಬೆರಳಿಟ್ಟು ತೋರಿಸಲು ಮಕ್ಕಳ ಕೈಯಲ್ಲಿ ಅವರದೇ ಅಂಕಿಗಳಿರುತ್ತವೆ.